ಇಲ್ಲದ ವಸ್ತುವಿನ ಪರಿಗ್ರಹ

ದಶಲಕ್ಷಣ ಪರ್ವದಲ್ಲಿ ಉಪವಾಸವನ್ನು ಸ್ವೀಕರಿಸಿದ ತರುಣನು ಮಧ್ಯಾಹ್ನದ ಹಸಿವನ್ನು ಮರೆಯಲೆಂದು ವಿಡಿಯೋ ಆಟದಲ್ಲಿ ತೊಡಗಿದರೆ ಅವನ ವ್ರತಕ್ಕೆ ಬಾಧೆಯುಂಟೆ ಎಂಬ ಪ್ರಶ್ನೆಯು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಯಾವ ಶ್ರಾವಕನ ಮನೆಯಲ್ಲಿಯಾದರೂ ಇಂದು ಏಳಬಹುದಾದದ್ದು. ಅನ್ನವನ್ನಂತೂ ಅವನು ಮುಟ್ಟಿಲ್ಲ. ಆಟದೊಳಗೆ ಅವನು ಕೂಡಿಹಾಕುವ ಕವಚ, ರತ್ನಗಳು ಲೋಕದಲ್ಲಿ ಎಲ್ಲಿಯೂ ಇಲ್ಲ. ಇಲ್ಲದ ವಸ್ತುವಿನ ಪರಿಗ್ರಹವೆಂಬುದು ಸಂಭವವೆ?

2011ರಲ್ಲಿ ಹೊರಬಂದ ‘ಸ್ಕೈರಿಮ್’ ಎಂಬ ಆಟವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಆಟಗಾರನು ಕಲ್ಪಿತ ರಾಜ್ಯವೊಂದರಲ್ಲಿ ವೀರನಾಗಿ ಸಂಚರಿಸುತ್ತ, ಗುಹೆ ಕೋಟೆಗಳಲ್ಲಿ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾನೆ. ಆದರೆ ಹೊರುವ ಭಾರಕ್ಕೆ ಆರಂಭದಲ್ಲಿ 300ರ ಮಿತಿಯುಂಟು, ಮೀರಿದರೆ ಓಡಲಾಗದು. ಆದ್ದರಿಂದ ಜಾಣನಾದವನು ಬೆಲೆಯನ್ನು ತೂಕದಿಂದ ಭಾಗಿಸಿ ನೋಡುತ್ತಾನೆ. ಕಬ್ಬಿಣದ ಕವಚದ ತೂಕ 30, ಬೆಲೆ 125 ನಾಣ್ಯ. ದೋಷವಿಲ್ಲದ ವಜ್ರದ ತೂಕ 0.1, ಬೆಲೆ 1000. ಬಂಗಾರದ ನಾಣ್ಯಕ್ಕಂತೂ ತೂಕವೇ ಇಲ್ಲ! ಎಷ್ಟು ಕೂಡಿದರೂ ಹೆಗಲು ಬಾಗದು.

ಈ ಲೆಕ್ಕಾಚಾರವೇ ದೋಷವೆನ್ನುವುದು ಅವಸರದ ಮಾತು. 2019ರ ಆಗಸ್ಟ್‌ನಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕ ಪಟ್ಟಣಕ್ಕೂ ತೀರದ ಹಳ್ಳಿಗಳಿಗೂ ನೀರು ನುಗ್ಗಿತು. ಅಂಥ ಹೊತ್ತಿನಲ್ಲಿ ಮನೆ ಬಿಡಬೇಕಾದವನು ಮಾಡುವುದೂ ಇದೇ ಲೆಕ್ಕ: ಕಾಗದಪತ್ರ, ಒಡವೆ ಕೈಗೆ, ಕಾಳಿನ ಚೀಲ, ಕಪಾಟು ನೀರಿಗೆ. ಅಲ್ಲಿ ಬಿಟ್ಟದ್ದು ಬಿಟ್ಟಂತೆಯೇ. ಆಟದಲ್ಲಾದರೋ ಬಿಟ್ಟ ಕವಚಕ್ಕಾಗಿ ಮರಳಿ ಬರುವ ಯೋಚನೆಯು ಹಿಂದೆಯೇ ಹುಟ್ಟುತ್ತದೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಇಡದೆ ಮೂರ್ಛೆಯಲ್ಲಿ, ಎಂದರೆ ಮಮತ್ವದಲ್ಲಿ ಇಟ್ಟರು. ಅಭ್ಯಂತರ ಪರಿಗ್ರಹಗಳು 14. ಅವುಗಳಲ್ಲಿ ಒಂದಕ್ಕೂ ತೂಕವಿಲ್ಲ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಹೇಳಿದ ಅತಿಚಾರಗಳು ಇನ್ನೂ ಹತ್ತಿರ ಬರುತ್ತವೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ತನ್ನ ಚೀಲ ತುಂಬಿದೊಡನೆ ಆಟಗಾರನು ಉಳಿದುದನ್ನು ಜೊತೆಗಾರನ ಬೆನ್ನಿಗೆ ಹೇರುತ್ತಾನೆ. ಕೊಂಡ ಮನೆಯ ಪೆಟ್ಟಿಗೆಗಳಿಗೆ ಮಿತಿಯೇ ಇಲ್ಲ. ಅಲ್ಲಿ ಅತಿಸಂಗ್ರಹಕ್ಕೆ ತಡೆಯಿಲ್ಲ. ಇನ್ನೊಬ್ಬ ಆಟಗಾರನ ಭಂಡಾರವನ್ನು ಕಂಡು ಕುದಿಯುವುದು ವಿಸ್ಮಯವಲ್ಲದೆ ಮತ್ತೇನು? ಜೊತೆಗಾರನಿಗೆ ನೋವಾಗದೆಂಬುದು ನಿಜ. ಕಬ್ಬಿನ ಹಂಗಾಮಿನಲ್ಲಿ ಇಲ್ಲಿಯ ರಸ್ತೆಗಳಲ್ಲಿ ಏದುಸಿರು ಬಿಡುವ ಎತ್ತುಗಳ ವಿಷಯದಲ್ಲಿ ಆ ಸಮಾಧಾನವೂ ಇಲ್ಲವೆಂಬುದು ಬೇರೆ ಮಾತು.

ಆಟದಲ್ಲಿಯೂ ಪರಿಮಾಣವುಂಟಲ್ಲ ಎಂದು ತರುಣನು ವಾದಿಸಬಹುದು. ವಾದವು ಚತುರವಾದುದೇ, ಆದರೆ ನಿಲ್ಲದು. 300ರ ಮಿತಿಯನ್ನು ಆಟ ರಚಿಸಿದವರು ಹಾಕಿದರು, ಆಟಗಾರನು ಅದನ್ನು ಹಿಗ್ಗಿಸಿಕೊಳ್ಳುವುದಕ್ಕೆ ದುಡಿಯುತ್ತಾನೆ. ವ್ರತಿಯ ಮಿತಿಯು ತಾನೇ ಹಾಕಿಕೊಂಡದ್ದು, ಶಕ್ತಿಯಿದ್ದಾಗಲೂ ಹಿಗ್ಗದು. ಹೊರಲಾರದೆ ಇಳಿಸಿದ ಹೊರೆಗೆ ತ್ಯಾಗವೆಂಬ ಹೆಸರು ಸಲ್ಲದು.

ಉಪವಾಸವು ಮುರಿಯಿತೆಂದು ಅವನನ್ನು ಗದರಿಸುವುದು ತಪ್ಪು, ಆಹಾರತ್ಯಾಗವು ಉಳಿದಿದೆ. ಪ್ರೋಷಧೋಪವಾಸವು ಸ್ವಾಧ್ಯಾಯಕ್ಕಾಗಿ ಬಿಡಿಸಿಕೊಟ್ಟ ಹೊತ್ತು ಮಾತ್ರ ಉಳಿಯಲಿಲ್ಲ. ಇಷ್ಟನ್ನು ಹೇಳುವ ಹಿರಿಯನು ಅದೇ ಚತುರ್ದಶಿಯ ದಿನ, ಅದೇ ನಿರಾಹಾರದಲ್ಲಿ, ಬೆಲ್ಲದ ಧಾರಣೆಯನ್ನು ಪೇಟೆಯಿಂದ ಫೋನಿನಲ್ಲಿ ಮೂರು ಸಲ ವಿಚಾರಿಸಿದ್ದರೆ, ತರುಣನು ಅವನನ್ನು ಕೇಳಬಹುದಾದ ಪ್ರಶ್ನೆಯೊಂದು ಉಳಿಯುತ್ತದೆ. ಹಿರಿಯನ ಬೆಲ್ಲವಾದರೋ ಉಗ್ರಾಣದಲ್ಲಿ ನಿಜವಾಗಿಯೂ ಇದೆ.