ಮರುಗುವುದಷ್ಟೇ ಕರುಣೆಯೇ?

ಬೆಲ್ಲದ ಬಾಗೇವಾಡಿಯ ಒಂದು ಮನೆಯಲ್ಲಿ ಮಗಳು ನರ್ಸಿಂಗ್ ಕಲಿಯುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಕಲಿತು ಮುಗಿದ ಮೇಲೆ ಸುಟ್ಟಗಾಯಗಳ ವಾರ್ಡಿನಲ್ಲೇ ದುಡಿಯುತ್ತೇನೆ ಎಂದು ಅವಳು ಹೇಳಿದರೆ ಮನೆಯವರು ಏನೆಂದಾರು? ಹೆರಿಗೆ ವಾರ್ಡಿದೆ, ಮಕ್ಕಳ ವಾರ್ಡಿದೆ, ಆ ಚೀರಾಟದ ನಡುವೆ ನಿನಗೇನು ಕೆಲಸ ಎಂದು ಕೇಳಿಯಾರು. ಅವರ ಮಾತಿನಲ್ಲಿರುವುದು ಪ್ರೀತಿಯೇ. ಆದರೆ ಮೃದು ಮನಸ್ಸಿನವರು ಘೋರ ನೋವಿನಿಂದ ದೂರವಿರಬೇಕು ಎಂಬ ನಂಬಿಕೆಯೂ ಅದರಲ್ಲಡಗಿದೆ. ಈ ನಂಬಿಕೆ ಸರಿಯೇ?

ಹೆಸರಿನಲ್ಲೇ ಬೆಲ್ಲವಿರುವ ಊರಿನವರಿಗೆ ಕುದಿಯುವ ಕೊಪ್ಪರಿಗೆಯ ಬಗ್ಗೆ ಹೇಳಬೇಕಾಗಿಲ್ಲ. ಬಿಸಿ ಪಾಕ ಮೈಮೇಲೆ ಬಿದ್ದರೆ ನೀರಿನಂತೆ ಹರಿದು ಹೋಗದು; ಅಂಟಿಕೊಂಡು ಆಳಕ್ಕೆ ಸುಡುತ್ತದೆ. ಹಾಗೆ ಸುಟ್ಟವರ ಪಟ್ಟಿಯನ್ನು ಮತ್ತೆ ಮತ್ತೆ ಬಿಚ್ಚಬೇಕು, ಗಾಯ ತೊಳೆಯಬೇಕು, ಸತ್ತ ಚರ್ಮವನ್ನು ತೆಗೆಯಬೇಕು. ಇಲ್ಲದಿದ್ದರೆ ಸೋಂಕು ತಗಲಿ ಪ್ರಾಣಕ್ಕೇ ಅಪಾಯ. ಕತ್ತು, ಮೊಣಕೈಗಳನ್ನು ಪ್ರತಿದಿನ ಚಾಚಿಸಬೇಕು. ಬಿಟ್ಟರೆ ಹೊಸ ಚರ್ಮ ಬಿಗಿದುಕೊಂಡು ಅಂಗವೇ ಮಡಚಿಕೊಳ್ಳುತ್ತದೆ. 50 ಕಿಲೋ ತೂಕದ ವ್ಯಕ್ತಿಯ ಮೈ ಶೇ. 30ರಷ್ಟು ಸುಟ್ಟಿದ್ದರೆ, ಪ್ರಚಲಿತ ಲೆಕ್ಕದಂತೆ ಮೊದಲ 24 ಗಂಟೆಗಳಲ್ಲಿ ಸುಮಾರು 6 ಲೀಟರ್ ದ್ರವವನ್ನು ರಕ್ತನಾಳದ ಮೂಲಕ ಕೊಡಬೇಕಾಗುತ್ತದೆ. ಅದರಲ್ಲಿ ಅರ್ಧ ಸುಟ್ಟ ಕ್ಷಣದಿಂದ 8 ಗಂಟೆಗಳೊಳಗೆ. ಗಂಟೆಗೊಮ್ಮೆ ಮೂತ್ರದ ಅಳತೆ ನೋಡುವವಳು ನರ್ಸ್.

ಈಗ ಯೋಚಿಸಿ. ರೋಗಿಯ ಕೂಗು ಕೇಳಲಾರದೆ ಪಟ್ಟಿ ಬಿಚ್ಚುವುದನ್ನು ನಾಳೆಗೆ ಮುಂದೂಡುವವಳು ದಯಾಳುವೋ, ಅಥವಾ ಕೂಗನ್ನು ಕೇಳುತ್ತಲೇ ಕೆಲಸ ಪೂರೈಸುವವಳೋ? ಮೊದಲನೆಯವಳು ಉಳಿಸಿಕೊಂಡದ್ದು ತನ್ನ ನೆಮ್ಮದಿಯನ್ನು. ಎರಡನೆಯವಳು ಉಳಿಸಿದ್ದು ರೋಗಿಯ ಕೈಯನ್ನು. ಕರುಣೆಯು ನಮ್ಮೊಳಗೆ ಹುಟ್ಟುವ ಮರುಕವಷ್ಟೇ ಆಗಿದ್ದರೆ ಮುಖ ತಿರುಗಿಸಿದರೂ ಅದು ಉಳಿಯುತ್ತದೆ. ಇನ್ನೊಬ್ಬರಿಗೆ ಸಲ್ಲಬೇಕಾದ ಹಕ್ಕು ಅದೆಂದಾದರೆ, ಮುಖ ತಿರುಗಿಸಿದ ಕ್ಷಣವೇ ಅದು ಇಲ್ಲವಾಗುತ್ತದೆ.

ಹಾಗೆಂದು ಕಲ್ಲುಮನಸ್ಸೇ ಗುಣವೆಂದು ತಿಳಿಯಬಾರದು. ಗಟ್ಟಿತನಕ್ಕೂ ಕಲ್ಲುತನಕ್ಕೂ ಅಂತರವಿದೆ. ಗಟ್ಟಿ ಮನಸ್ಸಿನ ನರ್ಸ್ ನೋವಿನ ಮದ್ದನ್ನು ಮೊದಲೇ ಕೊಟ್ಟು, ಅದು ಹಿಡಿಯುವವರೆಗೆ ಕಾಯುತ್ತಾಳೆ. ಮುಟ್ಟುವ ಮುನ್ನ ಹೇಳಿ ಮುಟ್ಟುತ್ತಾಳೆ. ಕಲ್ಲಾದವಳಿಗೆ ಇದೊಂದೂ ನೆನಪಿರದು. ತನ್ನಿಂದ ಇದಾಗದು ಎಂದು ಬೇರೆ ವಾರ್ಡನ್ನು ಆರಿಸಿಕೊಳ್ಳುವುದೂ ತಪ್ಪಲ್ಲ. ಆದರೆ ಆಗುತ್ತದೆ ಎನ್ನುವವಳನ್ನು ತಡೆಯುವುದು ಬೇರೆ ಮಾತು.

ಹೆಣ್ಣುಮಗಳು ಆ ವಾರ್ಡಿಗೆ ಹೋಗುವುದು ಹಯಾಕ್ಕೆ ತಕ್ಕದ್ದೇ ಎಂಬ ಪ್ರಶ್ನೆಯೂ ನಿಮ್ಮಲ್ಲಿರಬಹುದು. ಅಲ್ಲಿ ಮಲಗಿರುವವರು ಯಾರೆಂದು ನೋಡಿ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ, 2001ರಲ್ಲಿ ಭಾರತದಲ್ಲಿ ಬೆಂಕಿಯಿಂದ ಸತ್ತವರು 1,63,000ಕ್ಕೂ ಹೆಚ್ಚು. ಅವರಲ್ಲಿ ಸುಮಾರು 1,06,000 ಮಂದಿ ಮಹಿಳೆಯರು, ಬಹುಪಾಲು 15ರಿಂದ 34ರ ಪ್ರಾಯದವರು. ಬಟ್ಟೆ ಹೊದೆಯಲಾಗದ ಮೈಯ ಗಾಯವನ್ನು ಪರಪುರುಷನೇ ತೊಳೆಯಲಿ ಎಂದು ಯಾವ ತಾಯಿ ಬಯಸುತ್ತಾಳೆ? ಆ ಹೆಣ್ಣಿನ ಮಾನ ಉಳಿಯಬೇಕಾದರೆ ಯಾರದೋ ಮಗಳು ಅಲ್ಲಿ ಇರಲೇಬೇಕು. ಅವಳು ನಮ್ಮ ಮನೆಯವಳು ಮಾತ್ರ ಆಗಬಾರದು ಎಂಬುದು ಯಾವ ನ್ಯಾಯ?

ನಮಗೆ ಇದು ಹೊಸ ದಾರಿಯೂ ಅಲ್ಲ. ಕ್ರಿ.ಶ. 627ರ ಖಂದಕ್ ಯುದ್ಧದಲ್ಲಿ ಹ. ಸಅದ್ ಬಿನ್ ಮುಆದ್(ರ) ಬಾಣ ತಗಲಿ ಗಾಯಗೊಂಡಾಗ, ಪ್ರವಾದಿವರ್ಯರು(ಸ) ಅವರನ್ನು ಹ. ರುಫೈದಾ(ರ)ರ ಡೇರೆಗೆ ಒಪ್ಪಿಸಿದರು. ಗಾಯಾಳುಗಳನ್ನು ಉಪಚರಿಸುತ್ತಿದ್ದ ಆ ಮಹಿಳೆಯ ಡೇರೆ ಇದ್ದುದು ಮದೀನಾದ ಮಸೀದಿಯ ಆವರಣದಲ್ಲಿ.

ಓದುಗರೇ, ನಿಮ್ಮ ಪಾಲಿಗೂ ಕರ್ತವ್ಯವಿದೆ. ಯಾರಾದರೂ ಸುಟ್ಟುಕೊಂಡರೆ 20 ನಿಮಿಷ ಹರಿಯುವ ತಣ್ಣೀರು ಹಾಕಿ. ಟೂತ್‌ಪೇಸ್ಟ್, ಶಾಯಿ, ಅರಿಶಿನ ಹಚ್ಚದೆ ಆಸ್ಪತ್ರೆಗೆ ಒಯ್ಯಿರಿ. ವಾಸಿಯಾಗಿ ಬಂದವರ ಮುಖದ ಕಲೆಯಿಂದ ಕಣ್ಣು ತಪ್ಪಿಸಬೇಡಿ. ಹೇಗೆ ಸುಟ್ಟಿತೆಂದು ನಾಲ್ಕು ಜನರೆದುರು ಕೆದಕಬೇಡಿ. ಮಗಳು ಆ ವಾರ್ಡನ್ನೇ ಆರಿಸಿಕೊಂಡರೆ ಅವಳಿಗಾಗಿ ದುಆ ಮಾಡಿ ಕಳುಹಿಸಿ. ದಣಿದು ಮನೆಗೆ ಬಂದಾಗ ಊಟ ಬಡಿಸಿ, ಅವಳು ಹೇಳುವಷ್ಟನ್ನು ಕೂತು ಕೇಳಿ.