ಹಾಜಿರಾ ಓಡಿದ ದಾರಿ

ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲೂಕಿನ ಸೋಮನಾಥಪುರಕ್ಕೆ ಹೋದವರೆಲ್ಲ ಕೇಶವ ದೇವಾಲಯವನ್ನು ನೋಡಿ ಬರುತ್ತಾರೆ. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥನು 1258ರಲ್ಲಿ ಕಟ್ಟಿಸಿದ ಈ ಗುಡಿಯು 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಗುಡಿಯ ಹೊರಗೆ ಎಳನೀರು ಮಾರುತ್ತಿದ್ದ ಒಬ್ಬ ಹೆಂಗಸಿನ ಮಾತು. ಗಂಡ ಬಿಟ್ಟು ಹೋಗಿದ್ದ. ಇಬ್ಬರು ಮಕ್ಕಳು. ‘ಹೇಗಮ್ಮಾ ನಿಭಾಯಿಸುತ್ತೀಯಾ?’ ಎಂದು ಕೇಳಿದೆ. ಮಚ್ಚು ಕೆಳಗಿಡದೆಯೇ ಹೇಳಿದಳು: ‘ಅವ್ನು ಬುಟ್ಟೋದ, ದ್ಯಾವ್ರು ಬುಟ್ಟಾನಾ ಅಕ್ಕಾ? ಆದ್ರೆ ದ್ಯಾವ್ರೇನು ಬಂದು ಎಳ್ನೀರು ಕೆತ್ತಿಕೊಟ್ಟಾನಾ?’

ದೇವಕೃಪೆಯ ಮೇಲಿನ ಭರವಸೆ ಎಂದರೇನು ಎಂಬ ದೊಡ್ಡ ಪ್ರಶ್ನೆಗೆ ಆಕೆ ಎರಡೇ ವಾಕ್ಯಗಳಲ್ಲಿ ಉತ್ತರಿಸಿದ್ದಳು.

ಸಂಸಾರ ಹಳಿ ತಪ್ಪಿದವರಿಗೆ ನಾವು ಸಾಮಾನ್ಯವಾಗಿ ಎರಡು ಮಾತು ಹೇಳುತ್ತೇವೆ. ಒಂದು, ‘ಸಬರ್ ಮಾಡು.’ ಇನ್ನೊಂದು, ‘ನೀನೇನೋ ತಪ್ಪು ಮಾಡಿರಬೇಕು, ಇಲ್ಲದಿದ್ದರೆ ದೇವರು ಹೀಗೆ ಮಾಡುತ್ತಿದ್ದನೇ?’ ಮೊದಲನೆಯದು ಅರ್ಧ ಸತ್ಯ. ಎರಡನೆಯದು ಪೂರ್ತಿ ಅನ್ಯಾಯ.

ಕೌಟುಂಬಿಕ ಸೋಲು ದೇವನ ಮುನಿಸಿನ ಗುರುತಾಗಿದ್ದರೆ ಪ್ರವಾದಿಗಳ ಮನೆಗಳೇಕೆ ಒಡೆದವು? ನೂಹ್(ಅ)ರ ಮಗ ತಂದೆಯ ಹಡಗನ್ನು ಹತ್ತಲಿಲ್ಲ. ಲೂತ್(ಅ)ರ ಪತ್ನಿ ಪತಿಯ ದಾರಿಯಲ್ಲಿ ನಡೆಯಲಿಲ್ಲ. ಯೂಸುಫ್(ಅ)ರನ್ನು ಬಾವಿಗೆ ತಳ್ಳಿದವರು ಒಡಹುಟ್ಟಿದವರೇ. ಪವಿತ್ರ ಕುರ್‌ಆನ್ ಈ ಮನೆಗಳ ನೋವನ್ನು ಮುಚ್ಚಿಡದೆ ಹೇಳುತ್ತದೆ. ಮನೆ ಮುರಿದವರನ್ನು ತೂಗುವ ಅಧಿಕಾರ ಹಾಗಾದರೆ ನಮಗೆಲ್ಲಿಂದ ಬಂತು?

ಸಬರ್ ಎಂದರೆ ಬಾಯಿ ಮುಚ್ಚಿ ಸಹಿಸುವುದು ಎಂಬುದೂ ನಮ್ಮದೇ ಕಲ್ಪನೆ. ಸಹನೆಗೆ ಮಾದರಿಯಾದ ಯಾಕೂಬ್(ಅ) ಅತ್ತೂ ಅತ್ತೂ ಕಣ್ಣು ಕಳೆದುಕೊಂಡರು. ಆದರೂ ದೇವನ ಅನುಗ್ರಹದ ಬಗ್ಗೆ ನಿರಾಶರಾಗಬೇಡಿರೆಂದು ಹೇಳಿ ಪುತ್ರರನ್ನು ಹುಡುಕಲು ಕಳಿಸಿದರು. ಅವರಲ್ಲಿ ಕಣ್ಣೀರು, ಭರವಸೆ, ಹುಡುಕಾಟ ಮೂರೂ ಒಟ್ಟಿಗಿದ್ದವು. ಗಂಡನ ಅನ್ಯಾಯದ ಬಗ್ಗೆ ಪ್ರವಾದಿ(ಸ)ಯವರ ಬಳಿ ಬಂದು ವಾದಿಸಿದ ಖೌಲಾ(ರ)ರ ದೂರನ್ನು ಅಲ್ಲಾಹನು ಆಲಿಸಿದನು. ಕುರ್‌ಆನಿನ 58ನೇ ಅಧ್ಯಾಯ ಆರಂಭವಾಗುವುದೇ ಆ ದೂರಿನಿಂದ. ದೂರುವುದು ಅವಿಶ್ವಾಸವಾಗಿದ್ದರೆ ಹೀಗಾಗುತ್ತಿತ್ತೇ?

ಇನ್ನು ಹಾಜಿರಾ(ಅ). ಮರುಭೂಮಿಯಲ್ಲಿ ಹಸುಗೂಸಿನೊಂದಿಗೆ ಒಂಟಿಯಾದಾಗ, ಇದು ದೇವನ ಆಜ್ಞೆಯಾಗಿದ್ದರೆ ಅವನು ನಮ್ಮನ್ನು ಕೈಬಿಡಲಾರನು ಎಂದವರು ಆಕೆ. ಅಷ್ಟು ಭರವಸೆಯಿದ್ದವರು ಮರಳ ಮೇಲೆ ಸುಮ್ಮನೆ ಕೂರಲಿಲ್ಲ. ನೀರು ಮುಗಿದಾಗ ಸಫಾ ಮರ್ವಾಗಳ ನಡುವೆ ಏಳು ಬಾರಿ ಓಡಿದರು. ಆದರೆ ನೀರು ಚಿಮ್ಮಿದ್ದು ಆಕೆ ಹುಡುಕಿದ ಬೆಟ್ಟಗಳಲ್ಲಲ್ಲ, ಬಿಟ್ಟು ಬಂದಿದ್ದ ಮಗುವಿನ ಬಳಿ. ಓಟ ನಮ್ಮದು, ನೀರು ಅವನದು. ಓಡಿದ್ದಕ್ಕೆ ಕೂಲಿಯಾಗಿ ನೀರು ಸಿಗಲಿಲ್ಲ, ಹಾಗೆಂದು ಓಟ ವ್ಯರ್ಥವೂ ಆಗಲಿಲ್ಲ. ಹಜ್ ಯಾತ್ರಿಕರು ಇಂದಿಗೂ ನಡೆಯುವುದು ಕಂಗೆಟ್ಟ ಆ ತಾಯಿಯ ದಾರಿಯಲ್ಲೇ.

2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಹಾಸನದ ಬಾನು ಮುಷ್ತಾಕ್‌ರ ‘ಎದೆಯ ಹಣತೆ’ ಕಥೆ ಇಲ್ಲಿ ನೆನಪಾಗುತ್ತದೆ. ಗಂಡ ಬೇರೊಬ್ಬಳ ಹಿಂದೆ ಹೋದಾಗ ಮೆಹರುನ್ ತವರಿಗೆ ಬರುತ್ತಾಳೆ. ಮರ್ಯಾದೆಗೆ ಅಂಜಿದ ತವರು ಆಕೆಯನ್ನು ಅದೇ ಮನೆಗೆ ಮರಳಿ ಮುಟ್ಟಿಸುತ್ತದೆ. ಬದುಕನ್ನೇ ಮುಗಿಸಲು ಹೊರಟ ಆಕೆಯನ್ನು ತಡೆಯುವುದು ಹಿರಿಯರ ಯಾವ ಉಪದೇಶವೂ ಅಲ್ಲ, ಕೂಸನ್ನೆತ್ತಿಕೊಂಡು ಓಡಿಬಂದ ಮಗಳು. ಅಲ್ಲಿಯೂ ನೀರು ಚಿಮ್ಮಿದ್ದು ಮಗುವಿನ ಬಳಿಯೇ. ದೇವಕೃಪೆ ಬಹಳ ಸಲ ಮನುಷ್ಯರ ಕೈಗಳಿಂದಲೇ ಬರುತ್ತದೆ. ಹಾಗಾದರೆ ಆ ತವರಿನವರು ಮುಚ್ಚಿದ್ದು ಬರಿಯ ಮನೆಯ ಬಾಗಿಲನ್ನೇ?

ಪ್ರಾರ್ಥಿಸಿದರೆ ಎಲ್ಲವೂ ಸರಿಹೋಗುತ್ತದೆಯೇ? ಪ್ರಾಮಾಣಿಕವಾಗಿ ಹೇಳುವುದಾದರೆ, ಇಲ್ಲ. ಯೂಸುಫ್(ಅ) ತಂದೆಗೆ ಮರಳಿ ಸಿಕ್ಕರು, ನೂಹ್(ಅ)ರ ಮಗ ಸಿಗಲಿಲ್ಲ. ಇಬ್ಬರು ತಂದೆಯರೂ ದೇವನಿಗೆ ಪ್ರಿಯರೇ. ನಾವು ಬಯಸಿದ್ದೇ ನಡೆಯಬೇಕೆಂಬ ಕರಾರಿಗೆ ತವಕ್ಕುಲ್ ಎಂಬ ಹೆಸರಿಲ್ಲ. ಕಳೆದುಹೋದದ್ದು ಬಾರದಿದ್ದರೂ ನಾನು ಅನಾಥನಲ್ಲ, ನನ್ನ ಬದುಕಿನ ಲೆಕ್ಕ ಈ ಸೋಲಿನಲ್ಲಿ ಮುಗಿಯುವುದಿಲ್ಲ ಎಂಬ ನೆಲೆಯಲ್ಲಿ ನಿಂತು ನಾಳೆಯ ಕೆಲಸಕ್ಕೆ ಏಳುವುದೇ ಅದು.

ಆದ್ದರಿಂದ ಹೊಡೆತ ತಿನ್ನುವವಳು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ ಆಕೆಯ ವಿಶ್ವಾಸ ಕುಂದಿತೆನ್ನಬೇಡಿ. ಮನಸ್ಸು ಕುಸಿದವನು ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ನಗಬೇಡಿ. ಅವರು ಸಫಾದಿಂದ ಮರ್ವಾದತ್ತ ಓಡುತ್ತಿದ್ದಾರೆ. ‘ಸಬರ್ ಮಾಡು’ ಎನ್ನುವ ಮೊದಲು ನಾವು ಒಂದು ಹೊತ್ತಿನ ಊಟ, ಮಕ್ಕಳ ಶಾಲೆಯ ಶುಲ್ಕ, ಒಂದು ರಾತ್ರಿಯ ಆಸರೆ ಕೊಟ್ಟಿದ್ದೇವೆಯೇ?

ಸೋಮನಾಥಪುರದ ಆ ತಾಯಿ ಎಳನೀರು ಕೆತ್ತಿಕೊಟ್ಟು, ಚಿಲ್ಲರೆ ಎಣಿಸಿಕೊಂಡು, ಮುಂದಿನ ಕಾಯಿಯನ್ನು ಕೈಗೆತ್ತಿಕೊಂಡಳು. ಕಾಯೊಳಗೆ ನೀರು ತುಂಬಿದವನು ಯಾರೆಂದು ಆಕೆಗೆ ಗೊತ್ತಿತ್ತು. ಮಚ್ಚು ಹಿಡಿಯಬೇಕಾದವರು ಯಾರೆಂಬುದೂ ಗೊತ್ತಿತ್ತು.