ಸುಳ್ಳು ಕುಸ್ತಿ, ನಿಜದ ಮಂಡಿ

ಟೀವಿಯಲ್ಲಿ ಅಮೆರಿಕದ ಕುಸ್ತಿ ಶುರುವಾಯಿತೆಂದರೆ ಮುಂಬಯಿಯ ನಮ್ಮ ಬಿಲ್ಡಿಂಗಿನ ಹುಡುಗರು ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. "ಅದೆಲ್ಲ ಸುಳ್ಳು ಮಾರಾಯ, ಯಾರು ಗೆಲ್ಲಬೇಕೂಂತ ಮೊದಲೇ ಬರೆದಿಟ್ಟಿರ್ತಾರೆ" ಎಂದು ಒಮ್ಮೆ ಮಗನಿಗೆ ಹೇಳಿದೆ. ಅವನು ಪರದೆಯಿಂದ ಕಣ್ಣು ತೆಗೆಯದೆ, "ನಿಮ್ಮ ಯಕ್ಷಗಾನದಲ್ಲಿ ಅಭಿಮನ್ಯು ಯಾವತ್ತಾದ್ರೂ ಗೆದ್ದಿದ್ದಾನಾ ಅಪ್ಪಾ?" ಎಂದ.

ನಾನು ಸುಮ್ಮನಾದೆ. ಆ ಕಾಲದಲ್ಲಿ ನಮ್ಮ ಭಾಗದ ಕನ್ನಡ ಸಂಘವೊಂದರ ಕಾರ್ಯದರ್ಶಿ ನಾನೇ. ಮಳೆಗಾಲದಲ್ಲಿ ಊರಿಂದ ಕಲಾವಿದರನ್ನು ಕರೆಸಿ ಆಟ ಆಡಿಸುವುದು, ಟಿಕೆಟ್ಟು ಮಾರುವುದು, ಹಾಲ್ ಹಿಡಿಯುವುದು ಎಲ್ಲ ನನ್ನ ತಲೆಯ ಮೇಲೆ. ಸೋಲು-ಗೆಲುವು ಮೊದಲೇ ಗೊತ್ತಿರುವ ಕಾಳಗಕ್ಕೆ ಜನ ಸೇರಿಸುವುದೇ ನನ್ನ ಕೆಲಸವೂ ಆಗಿತ್ತು.

ಹಾಗಾದರೆ ಮೊದಲೇ ತೀರ್ಮಾನವಾದ ಕಾಳಗ ಮೋಸವೇ? ಜೋಡಿ ಕಟ್ಟಿ ಅಖಾಡಕ್ಕೆ ಬಿಟ್ಟ ಇಬ್ಬರು ಪೈಲ್ವಾನರು ಒಳಗೊಳಗೇ ಮಾತಾಡಿಕೊಂಡರೆ ಅದು ಮೋಸವೇ ಸರಿ. ಯಾಕೆಂದರೆ ಅಲ್ಲಿ ಸುತ್ತ ಕೂತವರು ತೀರ್ಮಾನ ನೋಡಲೆಂದು ಬಂದವರು. ಚಕ್ರವ್ಯೂಹದ ಆಟಕ್ಕೆ ಬಂದವನು ಅದಕ್ಕೆ ಬಂದವನಲ್ಲ. ಅಭಿಮನ್ಯು ಸಾಯುತ್ತಾನೆಂದು ತಿಳಿದೇ ಬಂದು, ಸಾಯುವಾಗ ಕಣ್ಣೊರೆಸಿಕೊಳ್ಳುತ್ತಾನೆ. ಇಬ್ಬರೂ ಒಪ್ಪಿ ಆಡಿದ ಸುಳ್ಳು ಸುಳ್ಳಲ್ಲ. 1989ರಲ್ಲಿ ಅಮೆರಿಕದ ದೊಡ್ಡ ಕುಸ್ತಿ ಕಂಪೆನಿಯವರೇ ನ್ಯೂಜೆರ್ಸಿ ರಾಜ್ಯದ ಸೆನೆಟಿನ ಮುಂದೆ, ನಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡರು. ನೋಡುವವರೇನೂ ಎದ್ದು ಹೋಗಲಿಲ್ಲ. ತಮಾಷೆಯೆಂದರೆ, ಅವರು ಆ ನಿಜ ನುಡಿದದ್ದು ಹರಿಶ್ಚಂದ್ರನ ಮನಸ್ಸಿನಿಂದಲ್ಲ. ಕ್ರೀಡಾ ಆಯೋಗದ ಹಿಡಿತದಿಂದ, ಅದರ ತೆರಿಗೆಯಿಂದ ಬಿಡಿಸಿಕೊಳ್ಳಲಿಕ್ಕೆ.

ಅಂದರೆ ತಪ್ಪನ್ನು ಹುಡುಕಬೇಕಾದ್ದು ಸುಳ್ಳಿನಲ್ಲಲ್ಲ. ಮತ್ತೆಲ್ಲಿ? ಇದು ನನಗೆ ಸ್ವಲ್ಪವಾದರೂ ತಿಳಿದದ್ದು ಪಾಲ್ ಹೇಮನ್ ಎಂಬವನ ಕತೆಯಿಂದ.

ಹೇಮನ್ ನ್ಯೂಯಾರ್ಕಿನವನು. ಹುಡುಗನಾಗಿದ್ದಾಗ ಕುಸ್ತಿಯ ಫೋಟೋ ತೆಗೆಯುತ್ತಾ ಈ ಲೋಕದೊಳಗೆ ನುಸುಳಿದವನು. 1993ರಲ್ಲಿ ಫಿಲಡೆಲ್ಫಿಯಾದ ಒಂದು ಸಣ್ಣ ಕಂಪೆನಿಯ ಆಟಗಳನ್ನು ಹೆಣೆಯುವ ಹೊಣೆ ಅವನ ಕೈಗೆ ಬಂತು. ಮಾರನೇ ವರ್ಷ ಅದಕ್ಕೆ ಎಕ್ಸ್‌ಟ್ರೀಮ್ ಚಾಂಪಿಯನ್‌ಶಿಪ್ ರೆಸ್ಲಿಂಗ್ ಎಂಬ ಹೆಸರಾಯಿತು. ಆಟ ನಡೆಯುತ್ತಿದ್ದದ್ದು ಹಳೆಯ ಬಿಂಗೋ ಹಾಲಿನಲ್ಲಿ, ಅಂದರೆ ನಮ್ಮಲ್ಲಿ ಹೌಸಿ ಆಡುತ್ತಾರಲ್ಲ, ಅಂಥ ಜಾಗ. ದೊಡ್ಡ ಕಂಪೆನಿಗಳು ಬೇಡವೆಂದವರನ್ನೂ ಗಮನಿಸದವರನ್ನೂ ಅವನು ಸೇರಿಸಿಕೊಂಡ. ಒಬ್ಬೊಬ್ಬನಲ್ಲೂ ಇದ್ದ ಕೊರತೆಯನ್ನು ಮರೆಮಾಡಿ, ಇದ್ದ ಒಂದು ಶಕ್ತಿಯನ್ನು ಮೆರೆಸಿದ. ಇದು ಸಣ್ಣ ಕೆಲಸವಲ್ಲ. ಮೇಳ ಕಟ್ಟಿದ ಯಾರನ್ನೇ ಕೇಳಿ, ಹೇಳುತ್ತಾರೆ.

ಆದರೆ ಆ ಹಾಲಿನ ಜನಕ್ಕೆ ನಯವಾದ ಸುಳ್ಳು ಸಾಕಾಗಿತ್ತು. ಅವರಿಗೆ 'ನಿಜ' ಬೇಕಿತ್ತು. ಹೊಡೆದಾಟಕ್ಕೆ ಬಳಸಲಿ ಎಂದು ಮನೆಯಿಂದ ಬಾಣಲೆ ತಂದು ಕೊಡುತ್ತಿದ್ದರಂತೆ! ಮೇಜು ಮುರಿಯಿತು, ಮುಳ್ಳುತಂತಿ ಬಂತು, ಹಣೆಯಲ್ಲಿ ನೆತ್ತರು ಇಳಿಯಿತು. ಗೆಲುವು ಬರೆದಿಟ್ಟದ್ದು, ನೆತ್ತರು ಮಾತ್ರ ಅಸಲಿ. 1996ರ ನವೆಂಬರಿನಲ್ಲಿ ಮಸಾಚುಸೆಟ್ಸಿನ ರೆವೇರ್ ಎಂಬಲ್ಲಿ, ಬಾರದೆ ಹೋದ ಕುಸ್ತಿಗನ ಬದಲಿಗೆ ಒಬ್ಬ ಹುಡುಗನನ್ನು ರಿಂಗಿಗೆ ಇಳಿಸಿದರು. ತರಬೇತಿ ಇಲ್ಲ, ವಯಸ್ಸು ಹದಿನೇಳು. ಹೆಚ್ಚು ಹೇಳಿ ಒಳಗೆ ಬಂದಿದ್ದ. ಹಣೆಯ ಗಾಯ ಆಳಕ್ಕಿಳಿದು ಪ್ರಾಣಕ್ಕೇ ಬರುವಂತಾಯಿತು. ವಯಸ್ಸಿನ ಸುಳ್ಳು ಅವನದು, ಒಪ್ಪಿಕೊಳ್ಳೋಣ. ಆದರೆ ಕೇಳಿ ತಿಳಿದುಕೊಳ್ಳಬೇಕಾದ ಹೊಣೆ ಆಟ ಆಡಿಸುವವನದಲ್ಲವೇ?

2001ರ ಏಪ್ರಿಲಿನಲ್ಲಿ ಕಂಪೆನಿ ದಿವಾಳಿಯೆಂದು ಅರ್ಜಿ ಹಾಕಿತು. ಬಾಕಿ ಬರಬೇಕಾದವರ ಪಟ್ಟಿಯಲ್ಲಿ ಕುಸ್ತಿಗರ ಹೆಸರುಗಳೂ ಇದ್ದವು. ಹೇಮನ್ ಅಷ್ಟರಲ್ಲಾಗಲೇ ದೊಡ್ಡ ಕಂಪೆನಿಯ ಟೀವಿಯಲ್ಲಿ ವೀಕ್ಷಕ ವಿವರಣೆಗೆ ಕೂತಿದ್ದ. 2024ರಲ್ಲಿ ಅದೇ ಫಿಲಡೆಲ್ಫಿಯಾದಲ್ಲಿ ಅವನಿಗೆ ಆ ಕಂಪೆನಿಯ 'ಹಾಲ್ ಆಫ್ ಫೇಮ್' ಗೌರವವೂ ಸಿಕ್ಕಿತು. ಅವನ ಪ್ರತಿಭೆಯ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಎತ್ತುವ ಯೋಗ್ಯತೆ ನನಗಿದೆಯೇ ಎಂಬುದೇ ಪ್ರಶ್ನೆ.

ಒಂದು ಮಳೆಗಾಲ. ಬಾಡಿಗೆಗೆ ಹಿಡಿದ ಶಾಲೆಯ ಹಾಲ್. ಅಭಿಮನ್ಯು ಮಾಡುವ ಕಲಾವಿದರು ಚೌಕಿಯಲ್ಲಿ ಬಣ್ಣ ಹಚ್ಚುತ್ತಾ, "ಇವತ್ತು ಮಂಡಿ ಸ್ವಲ್ಪ ಕಮ್ಮಿ ಇರ್ಲಿ, ಬಲಗಾಲಲ್ಲಿ ನೋವುಂಟು" ಅಂದಿದ್ದರು. ಊರಲ್ಲಾದರೆ ಗದ್ದೆಯ ಮಣ್ಣು. ಇಲ್ಲಿ ಸಿಮೆಂಟಿನ ನೆಲದ ಮೇಲೆ ತೆಳ್ಳನೆಯ ಜಮಖಾನ. ಅವರು ಮಂಡಿಯೂರಿ ಗಿರಗಿರ ತಿರುಗಿದಾಗ ಹಾಲ್ ಎದ್ದು ನಿಂತಿತು. ಸೀಟಿ, ಚಪ್ಪಾಳೆ. ದಿನವಿಡೀ ಹೋಟೆಲಿನ ಒಲೆಯ ಮುಂದೆ ಬೆಂದವರು, ಲೋಕಲ್ ಟ್ರೇನಿನಲ್ಲಿ ಜೋತುಬಿದ್ದು ಬಂದವರು, ಊರಿಗೆ ಹೋಗದೆ ಮೂರು ವರ್ಷವಾದವರು, ಎಲ್ಲರೂ "ಇನ್ನೊಂದು! ಇನ್ನೊಂದು!" ಎಂದು ಕೂಗಿದರು. ನಾನು ಪಕ್ಕದಿಂದ ಭಾಗವತರಿಗೆ ಬೆರಳೆತ್ತಿ ಸನ್ನೆ ಮಾಡಿದೆ. ಚೆಂಡೆ ಏರಿತು. ಅವರು ಇನ್ನೊಂದು ಸುತ್ತು ತಿರುಗಿದರು.

ಆಟ ಮುಗಿದ ಮೇಲೆ ಗೆಜ್ಜೆ ಬಿಚ್ಚುವಾಗ ನೋಡಿದೆ, ಮಂಡಿ ಬಾತುಕೊಂಡಿತ್ತು. ನಾನು ಕೊಟ್ಟ ಕವರಿನಲ್ಲಿ ಒಪ್ಪಿದ ಹಣಕ್ಕಿಂತ ಕಡಿಮೆ ಇತ್ತು; ಟಿಕೆಟ್ಟು ಅಷ್ಟು ಹೋಗಿರಲಿಲ್ಲ. "ಉಳಿದದ್ದು ಮುಂದಿನ ವಾರ ಎಂ.ಓ. ಮಾಡ್ತೇನೆ" ಅಂದೆ. "ತೊಂದ್ರೆ ಇಲ್ಲ, ಜನ ಖುಷಿಪಟ್ರಲ್ಲ" ಅಂದರು. ನಾನು ಹಣ ಕಳಿಸಿದ್ದು ದೀಪಾವಳಿ ಕಳೆದ ಮೇಲೆ.

ಊರು ಬಿಟ್ಟವರಿಗೆ ಊರು ಅಪ್ಪಟವಾಗಿಯೇ ಬೇಕು. ಊರಲ್ಲಿದ್ದವನು ಅರ್ಧ ನಿದ್ದೆಯಲ್ಲಿ ಆಟ ನೋಡಿಯಾನು, ನಾಳೆ ಇನ್ನೊಂದು ಇದ್ದೇ ಇದೆ. ನಮಗೆ ಹಾಗಲ್ಲ. ವರ್ಷಕ್ಕೊಂದು ರಾತ್ರಿಯಲ್ಲಿ ಇಡೀ ಊರು ಬರಬೇಕು. ಆ ಹಂಬಲ ತಪ್ಪಲ್ಲ. ಆದರೆ ಹಂಬಲ ನಮ್ಮದು, ಮಂಡಿ ಇನ್ನೊಬ್ಬರದು. ಫಿಲಡೆಲ್ಫಿಯಾದವರು ಬಾಣಲೆ ಹಿಡಿದು ಬಂದಿದ್ದರು, ನಾವು ಬರಿಗೈಯಲ್ಲಿ ಬಂದು ಚಪ್ಪಾಳೆ ತಟ್ಟಿದೆವು, ಅಷ್ಟೇ ವ್ಯತ್ಯಾಸ.

ಕಲಾವಿದರೇ ಒಪ್ಪಿದ್ದರಲ್ಲ ಎನ್ನಬಹುದು. ನಾನೂ ಬಹಳ ದಿನ ಹಾಗೇ ಅಂದುಕೊಂಡೆ. ಅವರು ಒಪ್ಪಿದ್ದು ಬೆಳಕಿನಲ್ಲಿ, ಐನೂರು ಜನರ ಮುಂದೆ, ಚೆಂಡೆ ಏರಿದ ಮೇಲೆ. ಚೌಕಿಯಲ್ಲಿ, ನಾವಿಬ್ಬರೇ ಇದ್ದಾಗ ಅವರು ಬೇಡವೆಂದಿದ್ದರು. ಆ ಮಾತನ್ನು ಕೇಳಿಸಿಕೊಂಡಿದ್ದವನು ನಾನೊಬ್ಬನೇ. ಪ್ರೇಕ್ಷಕರಿಗೆ ಗೊತ್ತಿಲ್ಲದ ಆ ನಿಜವನ್ನು ಕಾಯುವುದಕ್ಕೇ ಸಂಘಟಕ ಎಂಬವನು ಇರುವುದು.

ಮಗನ ಪ್ರಶ್ನೆಗೆ ನನ್ನಲ್ಲಿ ಈಗ ಉತ್ತರವಿದೆ. ಅಭಿಮನ್ಯು ಗೆಲ್ಲುವುದಿಲ್ಲ, ಗೆಲ್ಲಬೇಕಾದ್ದೂ ಇಲ್ಲ. ಆದರೆ ಪರದೆ ಬಿದ್ದ ಮೇಲೆ ಅವನು ಎದ್ದು, ಎರಡು ಕಾಲಲ್ಲಿ ಸರಿಯಾಗಿ ನಡೆದುಹೋಗಬೇಕು, ಜೇಬಿನಲ್ಲಿ ಪೂರ್ತಿ ಸಂಭಾವನೆ ಇರಬೇಕು.